ಕಾವಿಗೆ ಕೊಟ್ಟ ಕೋಳಿ

ಚಿಕ್ ಎಂದು ಒಂದೇ ಸಲ ಕೇಳಿಸಿತು. ಯಾರೋ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಬಿಟ್ಟಂಥ ಸಣ್ಣ ಸದ್ದು. ರಾತ್ರಿ ಹನ್ನೊಂದೂವರೆ ಆಗಿತ್ತು. ಕೋಳಿಮನೆಯ ಚಿಲಕ ಹಾಕಿದ್ದೇನೋ ಇಲ್ಲವೋ ಎಂದು ಮೂರನೆಯ ಸಲ ನೋಡಲು ಎದ್ದು ಬಂದಿದ್ದೆ. ಹಾಕಿತ್ತು. ಹಿಂದಿನ ಎರಡು ಸಲವೂ ಹಾಕಿತ್ತು. ನನ್ನ ಗಂಡ ಮಂಜೇಶ್ ಇದನ್ನು ನೋಡಿ ನೋಡಿ ನಗುವುದನ್ನೂ ಬಿಟ್ಟಿದ್ದಾರೆ.

ಹೊರಡಬೇಕೆಂದವಳು ಅಲ್ಲೇ ನಿಂತೆ. ಬಿದಿರಿನ ಗಳದ ಮೇಲೆ ಕೋಳಿಗಳು ಮೈಗೆ ಮೈ ಒತ್ತಿಕೊಂಡು ಕೂತಿದ್ದವು. ಮತ್ತೊಮ್ಮೆ ಚಿಕ್. ಆಮೇಲೆ ಉಸಿರು ಎಳೆದುಕೊಳ್ಳುವಾಗ ಗಂಟಲಲ್ಲಿ ನೀರು ಸಿಕ್ಕಿಕೊಂಡ ಹಾಗೆ ಗೊರ ಎಂದಿತು.

ಆ ಸದ್ದು ಏನೆಂದು ಈ ಊರಿನಲ್ಲಿ ಯಾರಿಗೂ ನಾನು ಹೇಳಿಕೊಡಬೇಕಾಗಿಲ್ಲ, ಏಕೆಂದರೆ ಆಗಲೇ ಹೇಳಿಕೊಟ್ಟಿದ್ದೆ. ಹಾಸನದಲ್ಲಿ ಮೂರು ದಿನದ ಕೋಳಿ ಸಾಕಣೆ ತರಬೇತಿ ಮುಗಿಸಿ ಬಂದ ಮೇಲೆ ಪ್ರತಿ ತಿಂಗಳು ಮಹಿಳಾ ಸಂಘದ ಸಭೆಯಲ್ಲಿ ಹತ್ತು ನಿಮಿಷ ನನ್ನದೇ. ‘ಹಗಲಲ್ಲಿ ಗಲಾಟೆಗೆ ಗೊತ್ತಾಗಲ್ಲ. ಕೋಳಿ ಮಲಗಿದ ಮೇಲೆ ಗೂಡಿನ ಹತ್ತಿರ ನಿಂತು ನೂರು ಎಣಿಸುವಷ್ಟು ಹೊತ್ತು ಕಿವಿಗೊಡಿ. ಸೀನಿದರೆ, ಗಂಟಲು ಗೊರಗುಟ್ಟಿದರೆ, ಕೊಕ್ಕರೆ ರೋಗ ಇರಬಹುದು. ಆ ಕೋಳಿಯನ್ನು ತಕ್ಷಣ ಬೇರೆ ಮಾಡಿ. ಹೊಸ ಕೋಳಿ ತಂದರೂ ಅಷ್ಟೇ, ಹದಿನೈದು ದಿನ ಬೇರೆ ಮಂಕರಿ ಕೆಳಗೆ ಇಡಿ.’ ಹೆಂಗಸರು ತಲೆಯಾಡಿಸುತ್ತಿದ್ದರು. ನನ್ನನ್ನು ಕೋಳಿ ಮೇಡಂ ಎಂದು ಕರೆಯತೊಡಗಿದ್ದರು. ಅದಕ್ಕೆ ಮೊದಲು ನಾನು ಈ ಊರಿಗೆ, ಹೊಳೆನರಸೀಪುರದ ಶಾಲೆಯಲ್ಲಿ ಕೆಲಸ ಬಿಟ್ಟು ಬಂದ, ಹಾಲು ಕರೆಯಲು ಬಾರದ ಬಿ.ಎಸ್ಸಿ. ಸೊಸೆ. ಹೊಸ ಹೆಸರು ನನಗೆ ಎಷ್ಟು ಇಷ್ಟವಾಗಿತ್ತು ಎಂಬುದನ್ನು ಯಾರಿಗೂ ತೋರಿಸಿಕೊಂಡಿರಲಿಲ್ಲ.

ಸದ್ದು ಬಂದದ್ದು ಕೆಂಪು ಹುಂಜದಿಂದ. ಒಂಬತ್ತು ದಿನದ ಹಿಂದೆ ಸಂತೆಯಲ್ಲಿ ಕೊಂಡದ್ದು. ತಂದ ಸಂಜೆ ಜೋರು ಮಳೆ. ಹೊರಗಿನ ಮಂಕರಿ ನೆನೆದು ತೊಪ್ಪೆಯಾಗಿತ್ತು. ಇದೊಂದು ರಾತ್ರಿ ಒಳಗಿರಲಿ ಎಂದು ಬಿಟ್ಟೆ. ಬೆಳಿಗ್ಗೆ ನೋಡಿದರೆ ಎಲ್ಲವುಗಳ ಜೊತೆ ಮೇಯುತ್ತಿತ್ತು. ಇನ್ನು ಬೇರೆ ಮಾಡಿ ಏನು ಪ್ರಯೋಜನ ಎಂದುಕೊಂಡೆ. ಸಂಘದ ಯಾರಾದರೂ ಹೀಗೆ ಹೇಳಿದ್ದರೆ ನಾನು ಮುಖ ಸಿಂಡರಿಸುತ್ತಿದ್ದೆ.

ನನ್ನ ಕೋಳಿಗಳಿಗೆಲ್ಲ ಲಸಿಕೆ ಆಗಿತ್ತು. ಆ ಧೈರ್ಯ ಒಂದು ನಿಮಿಷವೂ ಇರಲಿಲ್ಲ. ಯಾಕೆಂದರೆ ಮೂಲೆಯಲ್ಲಿ, ಬುಟ್ಟಿಯೊಳಗೆ, ನನ್ನದಲ್ಲದ ಒಂದು ಕೋಳಿ ಇತ್ತು.

ಅದು ಬೈರಮ್ಮನ ಬೂದಿ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮುಳ್ಳುಬೇಲಿ, ಅದರಲ್ಲಿ ಒಬ್ಬರು ನುಸುಳುವಷ್ಟು ಸಂದು. ಬೈರಮ್ಮ ನನ್ನ ಗಂಡನಿಗೆ ದೂರದ ದೊಡ್ಡವ್ವ, ಹಾಗಾಗಿ ನನಗೆ ಅತ್ತೆ. ಅರಕಲಗೂಡಿನ ಕಡೆಯ ಒಬ್ಬರಿಂದ ನಾನು ಹದಿಮೂರು ಕಡಕ್‌ನಾಥ್ ಮೊಟ್ಟೆ ತಂದಿದ್ದೆ. ನನ್ನ ಕೋಳಿಗಳಲ್ಲಿ ಒಂದೂ ಕಾವಿಗೆ ಕೂತಿರಲಿಲ್ಲ. ಬೂದಿ ಕೂತಿತ್ತು. ಕೇಳಿದ ತಕ್ಷಣ ಅತ್ತೆ ಒಪ್ಪಿದರು. ಕತ್ತಲಾದ ಮೇಲೆ ಸೆರಗಿನಲ್ಲಿ ಸುತ್ತಿ, ಕಣ್ಣು ಮುಚ್ಚಿ, ಮಗು ಎತ್ತಿಕೊಂಡು ಬರುವ ಹಾಗೆ ತಂದರು.

‘ಕಣ್ ಬಿಟ್ರೆ ದಾರಿ ನೋಡ್ಕಂಡು ಬಂದ್ಬುಡ್ತಾಳೆ, ಬೋ ಕಿಲಾಡಿ’ ಎಂದರು. ಬುಟ್ಟಿಗೆ ಹೊಟ್ಟು ಹರವಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಲು ಚೂರು, ಒಂದು ಕಬ್ಬಿಣದ ಮೊಳೆ ಸಿಕ್ಕಿಸಿದರು. ಮೊಟ್ಟೆ ಎತ್ತಿ ಬಲ್ಬಿನ ಬೆಳಕಿಗೆ ಹಿಡಿದರು. ‘ಇದೇನವ್ವ, ಕರೀ ಕೋಳಿ ಅಂತೀಯ, ಮೊಟ್ಟೆ ಬೆಳ್ಳಗೈತೆ? ಮೋಸ ಓದ್ಯಾ ಎಂಗೆ?’

‘ಇಲ್ಲ ಅತ್ತೆ, ಮರಿ ಕರ್ರಗಿರುತ್ತೆ, ನೋಡಿ.’

‘ನೋಡವಾ ನೋಡವಾ. ಇಸ್ಕೂಲ್ ಮೆಟ್ಲು ಅತ್ದೋಳಲ್ಲ ನನ್ ಬೂದಿ, ನಿನ್ ಬಿ.ಎಸ್ಸಿ. ಮೊಟ್ಟೆ ಮರಿ ಮಾಡ್ತಾಳೋ ಇಲ್ವೋ.’

ಕಾವಿಗೆ ಕೋಳಿ ಕೊಡುವುದಕ್ಕೆ ನಮ್ಮ ಕಡೆ ದುಡ್ಡಿನ ಮಾತಿಲ್ಲ. ಮರಿ ಒಡೆದ ಮೇಲೆ ಕೋಳಿಯ ಕಾಲಿಗೆ ಅರಿಶಿನ ಹಚ್ಚಿ, ಎರಡು ಮರಿ ಜೊತೆ ಮಾಡಿ, ಕೊಟ್ಟವರ ಮನೆಗೆ ಕಳಿಸಬೇಕು. ಹಾಗೆ ಹೋಗಿ ಬಂದ ಕೋಳಿಯನ್ನು ಯಾರೂ ಹೊಸ ಕೋಳಿ ಎಂದುಕೊಳ್ಳುವುದಿಲ್ಲ. ಬಾಣಂತನ ಮುಗಿಸಿ ಬಂದವಳು ಎನ್ನುತ್ತಾರೆ. ಬಂದ ದಿನವೇ ಗೂಡಿನಲ್ಲಿ ಅದರ ಹಳೆಯ ಜಾಗ ಅದಕ್ಕೆ. ಹದಿನೈದು ದಿನ ಬೇರೆ ಇಡಿ ಎಂದು ನಾನು ಸಭೆಯಲ್ಲಿ ಹೇಳುವಾಗ ಹೆಂಗಸರ ಮನಸ್ಸಿಗೆ ಬರುತ್ತಿದ್ದದ್ದು ಸಂತೆಯ ಕೋಳಿ. ಕಾವಿಗೆ ಹೋಗಿ ಬಂದದ್ದೂ ಅದಕ್ಕೆ ಸೇರುತ್ತದೆ ಎಂದು ನಾನೂ ಬಿಡಿಸಿ ಹೇಳಿರಲಿಲ್ಲ. ನನಗೇ ಹೊಳೆದಿರಲಿಲ್ಲ.

ಆ ರಾತ್ರಿ ಹೊಳೆಯಿತು.

ಬುಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಮೊಬೈಲಿನ ಬೆಳಕನ್ನು ಅಂಗೈಯಿಂದ ಮುಚ್ಚಿ ಬೆರಳ ಸಂದಿನಿಂದ ಬಿಟ್ಟೆ. ಬೂದಿಯ ರೆಕ್ಕೆಯಡಿಯಿಂದ ನಾಲ್ಕು ದಿನದ ಕಪ್ಪು ಮರಿಗಳ ಕಾಲುಗಳು ಕಾಣುತ್ತಿದ್ದವು. ಹದಿಮೂರರಲ್ಲಿ ಹನ್ನೊಂದು ಒಡೆದಿದ್ದವು. ಬೂದಿ ಕಣ್ಣು ಅರ್ಧ ತೆರೆದು ನನ್ನನ್ನು ನೋಡಿತು. ಎಣಿಸತೊಡಗಿದೆ. ಅರವತ್ತರ ತನಕ ಏನೂ ಇಲ್ಲ. ಎಪ್ಪತ್ತು ದಾಟಿರಬೇಕು, ಅದು ಕೊಕ್ಕು ತೆರೆದು ಸೀನಿತು. ಒಂದು ಸಲ. ಮತ್ತೆ ನೂರು ಎಣಿಸಿದರೆ ಮತ್ತೆ ಕೇಳಿಸುತ್ತದೆಂದು ಹೆದರಿ ಎದ್ದು ಬಂದುಬಿಟ್ಟೆ.

ಹಾಸಿಗೆಯಲ್ಲಿ ಬಿದ್ದುಕೊಂಡು ಹೊಟ್ಟಿನ ದೂಳು ಎಂದು ನನಗೆ ನಾನೇ ಹೇಳಿಕೊಂಡೆ. ನಂಬಲಿಲ್ಲ. ಅತ್ತೆಯ ಗೂಡಿನಲ್ಲಿ ಬೂದಿ ಬಿಟ್ಟು ಹನ್ನೊಂದು ಕೋಳಿ ಇದ್ದವು, ಒಂದಕ್ಕೂ ಲಸಿಕೆ ಆಗಿರಲಿಲ್ಲ. ನಾನು ಊರಿನಲ್ಲಿ ಕೋಳಿಗಳಿಗೆ ಲಸಿಕೆಯ ಹನಿ ಹಾಕಿಕೊಂಡು ಹೋದ ದಿನ ಅವರು ಮಗಳನ್ನು ಆಸ್ಪತ್ರೆಗೆ ತೋರಿಸಲು ಹೋಗಿದ್ದರು. ಆ ಹನ್ನೊಂದೂ ಮಗಳಿಗಾಗಿಯೇ ಸಾಕಿದ್ದು. ಮಾನಸಾ ರಾಮನಾಥಪುರದ ಕಡೆಗೆ ಕೊಟ್ಟ ಹುಡುಗಿ, ಚೊಚ್ಚಲ ಹೆರಿಗೆಗೆ ಹಾಸನದಲ್ಲಿ ಇದ್ದಳು, ಇವತ್ತೋ ನಾಳೆಯೋ ಎನ್ನುವಂತಿತ್ತು. ಹನ್ನೊಂದನೆಯ ದಿನದಿಂದ ಬಾಣಂತಿಗೆ ನಾಟಿ ಕೋಳಿಯ ಸಾರು. ಬೈರಮ್ಮ ಗಂಡ ಸತ್ತ ಮೇಲೆ ಒಬ್ಬರೇ ದುಡಿದು ಮಗಳನ್ನು ಓದಿಸಿ ಮದುವೆ ಮಾಡಿದವರು. ಬೀಗರ ಮುಂದೆ ಯಾವುದಕ್ಕೂ ತಲೆ ತಗ್ಗಿಸಿದವರಲ್ಲ. ‘ನಾಮಕರಣಕ್ಕೆ ಬತ್ತಾರಲ್ಲ ಬೀಗ್ರು, ಎಷ್ಟ್ ಕೋಳಿ ತಿಂದ್ಯವ್ವ ತೌರಲ್ಲಿ ಅಂತ ಕೇಳೇ ಕೇಳ್ತಾರೆ. ಹನ್ನೊಂದು ಅನ್ಬೇಕು ನನ್ ಮಗ್ಳು. ಅಂಗಡಿ ಕೋಳಿ ಒಂದೂ ಇಲ್ಲ ಅನ್ಬೇಕು’ ಎಂದು ಆರು ತಿಂಗಳಿಂದ ಹೇಳುತ್ತಿದ್ದರು.

ಇದಿಷ್ಟೂ ನನಗೆ ಗೊತ್ತಿತ್ತು. ಮರೆತಿದ್ದೆ ಎನ್ನಲಾರೆ.

ಬೆಳಿಗ್ಗೆ ಆರೂವರೆಗೆ ಬೇಲಿಯ ಸಂದಿನಿಂದ ಅತ್ತೆಯೇ ಬಂದರು. ಮಂಜೇಶ್ ಹಾಲು ಹಾಕಲು ಡೈರಿಗೆ ಹೋಗಿದ್ದರು.

‘ಯಮುನವ್ವಾ, ಗಂಡು ಮಗ ಕಣವ್ವ! ನಾಕು ಗಂಟೇಗೆ ಪೋನ್ ಬಂತು. ಇಬ್ರೂ ಚೆನ್ನಾಗವ್ರೆ. ಇನ್ನೇನ್ ಬಸ್ಸಿಗೆ ಓಯ್ತೀನಿ. ಅದ್ಕೇ, ಬೂದೀನ ಕೊಟ್ಬುಡು, ಗೂಡ್ಗೆ ಬುಟ್ಟು ಓಯ್ತೀನಿ. ನಿನ್ ಮರಿಗೆ ಬಲ್ಪು ಆಕ್ತೀನಿ ಅಂದಿದ್ದಲ್ಲ?’

ನಾನು ಅಭಿನಂದನೆ ಹೇಳಿದೆ. ಒಳಗೆ ಹೋಗಿ ಸಕ್ಕರೆ ತಂದು ಅವರ ಬಾಯಿಗೆ ಹಾಕಿದೆ. ಅಷ್ಟು ಹೊತ್ತು ಸಿಕ್ಕಿತ್ತು ನನಗೆ. ‘ಅತ್ತೆ, ಬೂದಿ ಇನ್ನೆರಡು ವಾರ ಇಲ್ಲೇ ಇರಲಿ’ ಎಂದರೆ ಸಾಕಿತ್ತು. ಯಾಕೆ ಎಂದು ಕೇಳುತ್ತಿದ್ದರು. ಕೇಳಿದರೆ ನನ್ನ ಗೂಡಿಗೆ ರೋಗ ಬಂದಿದೆ ಎನ್ನಬೇಕು. ಹೇಗೆ ಬಂತು ಎಂದರೆ ಸಂತೆ ಹುಂಜವನ್ನು ಅವತ್ತೇ ಒಳಗೆ ಬಿಟ್ಟೆ ಎನ್ನಬೇಕು. ಮಧ್ಯಾಹ್ನದೊಳಗೆ ಊರೆಲ್ಲ ತಿಳಿಯುತ್ತಿತ್ತು. ಇಷ್ಟೇ ಆಗಿದ್ದರೆ ಹೆದರಿಕೆ ಎಂದುಕೊಳ್ಳಬಹುದಿತ್ತು. ಇನ್ನೊಂದು ಯೋಚನೆಯೂ ಇತ್ತು, ಅದನ್ನು ಬರೆಯಲು ಕೈ ಹಿಂದೆಗೆಯುತ್ತದೆ: ಬೂದಿ ಸಾಯುವುದಾದರೆ ನನ್ನ ಮನೆಯಲ್ಲಿ ಸಾಯುವುದು ಬೇಡ.

ಕಾಲಿಗೆ ಅರಿಶಿನ ಹಚ್ಚಿದೆ. ಹುಷಾರಾಗಿದ್ದ ಎರಡು ಮರಿಗಳನ್ನು ಆರಿಸಿದೆ, ಆರಿಸುವುದರಲ್ಲಿ ಧಾರಾಳಿಯಾಗಿದ್ದೆ. ಅತ್ತೆ ಬೂದಿಯನ್ನು ಎದೆಗೆ ಒತ್ತಿಕೊಂಡು ಕತ್ತು ಸವರಿದರು.

‘ಇಳ್ದೋಗವ್ಳೆ. ಚೆನ್ನಾಗವ್ಳೇನವ್ವ?’

‘ಚೆನ್ನಾಗಿದ್ದಾಳೆ ಅತ್ತೆ’ ಎಂದೆ. ‘ಕಾವಿಗೆ ಕೂತಿದ್ದಳಲ್ಲ, ಸ್ವಲ್ಪ ಸೊರಗಿದ್ದಾಳೆ.’

ಎರಡನೆಯ ಮಾತು ನಿಜ. ಅದು ನಿಜವಾಗಿದ್ದರಿಂದಲೇ ಮೊದಲನೆಯದರ ಹಿಂದೆ ತಂದು ನಿಲ್ಲಿಸಿದೆ.

ಅವರು ಬಸ್ಸಿಗೆ ಹೋದರು. ಬರುವುದು ಸಂಜೆಯೇ. ನಡುವೆ ಒಂದು ಇಡೀ ಹಗಲು ಇತ್ತು. ಬೇಲಿಯ ಸಂದಿನಿಂದ ನುಸುಳಿ, ಬೂದಿಯನ್ನು ಹಿಡಿದು, ಬೇರೆ ಮಂಕರಿ ಕೆಳಗೆ ಹಾಕಿ ಬರಲು ಐದು ನಿಮಿಷ ಸಾಕು. ಹತ್ತು ಗಂಟೆಗೆ ಒಮ್ಮೆ ಸಂದಿನ ತನಕ ಹೋದೆ. ಅತ್ತೆಯ ಅಂಗಳದಲ್ಲಿ ಬೂದಿ ಎರಡು ಕಪ್ಪು ಮರಿಗಳನ್ನು ಹಿಂದೆ ಹಾಕಿಕೊಂಡು ತಿಪ್ಪೆ ಕೆದಕುತ್ತಿತ್ತು. ಉಳಿದ ಕೋಳಿಗಳು ಸುತ್ತ ನಿಂತು ಮರಿಗಳನ್ನು ನೋಡುತ್ತಿದ್ದವು. ಎಲ್ಲವೂ ಒಂದೇ ಚಿಪ್ಪಿನ ನೀರು ಕುಡಿದವು. ಎದುರುಮನೆಯ ಪುಟ್ಟತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದರು. ‘ಏನ್ ಮೇಡಂ, ಬೀಗ್ತಿ ಮನೆಗೆ ಕಳ್ಸಿದ್ ಮಗ್ಳ ನೋಡ್ದಂಗೆ ನೋಡ್ತಿದ್ದೀರ!’ ಎಂದು ನಕ್ಕರು. ನಾನೂ ನಕ್ಕು ಹಿಂದಕ್ಕೆ ಬಂದೆ. ಇನ್ನು ತಡವಾಯಿತು ಎಂದುಕೊಂಡೆ. ಹುಂಜದ ವಿಷಯದಲ್ಲೂ ಇದನ್ನೇ ಅಂದುಕೊಂಡಿದ್ದೆ.

ಕೆಂಪು ಹುಂಜ ಮೂರನೆಯ ದಿನ ಸತ್ತಿತು. ಮಂಜೇಶ್ ಕಾಲಿನಿಂದ ಮೆಲ್ಲಗೆ ತಿರುಗಿಸಿ ನೋಡಿ, ‘ಸಂತೆ ಮಾಲು, ಬಿಡು’ ಎಂದರು. ಅವರು ತೋಟಕ್ಕೆ ಹೋದ ಮೇಲೆ ತೆಂಗಿನ ಬುಡದಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಸುಣ್ಣ ಹಾಕಿ ಹೂತೆ. ನೆಲಕ್ಕೆ, ಗಳಕ್ಕೆ, ನೀರಿನ ತಟ್ಟೆಗೆ, ಎಲ್ಲಕ್ಕೂ ಔಷಧಿ ನೀರು ಹೊಡೆದೆ. ಪುಸ್ತಕದಲ್ಲಿ ಹೇಗಿದೆಯೋ ಹಾಗೆ. ನನ್ನ ದೊಡ್ಡ ಕೋಳಿಗಳಿಗೆ ಏನೂ ಆಗಲಿಲ್ಲ. ಬಲ್ಬಿನ ಕೆಳಗಿದ್ದ ಒಂಬತ್ತು ಕಪ್ಪು ಮರಿಗಳಲ್ಲಿ ಎರಡು ಉಳಿದವು.

ಐದನೆಯ ದಿನ ಬೆಳಿಗ್ಗೆ ಬೇಲಿಯಾಚೆಯಿಂದ ಅತ್ತೆ ನನ್ನ ಹೆಸರು ಹಿಡಿದು ಕೂಗಿದರು. ಕೂಗಿನಲ್ಲಿಯೇ ಎಲ್ಲ ಇತ್ತು.

ಬೂದಿ ರಾತ್ರಿಯೇ ಹೋಗಿತ್ತಂತೆ. ಎರಡು ಮರಿಗಳೂ. ಅಂಗಳದಲ್ಲಿ ನಾಲ್ಕು ಕೋಳಿ ರೆಕ್ಕೆ ಇಳಿಬಿಟ್ಟು ನಿಂತಿದ್ದವು. ಒಂದು ಕತ್ತು ತಿರುಚಿಕೊಂಡು ಆಕಾಶ ನೋಡುತ್ತಿತ್ತು, ನಡೆಯಲು ಹೋಗಿ ಗಿರ್ರನೆ ಸುತ್ತಿ ಬಿತ್ತು. ನೆಲದ ಮೇಲೆ ಹಸಿರು ಹಿಕ್ಕೆ. ಅತ್ತೆ ಈರುಳ್ಳಿ ಅರೆದು ಅರಿಶಿನಕ್ಕೆ ಕಲೆಸಿ ಒಂದೊಂದರ ಬಾಯಿಗೂ ಹಾಕುತ್ತಿದ್ದರು.

‘ನೋಡವ್ವ, ನೀ ಓದ್ದೋಳು, ಏನಾರ ಮಾಡು’ ಎಂದರು.

ಈ ರೋಗ ಹತ್ತಿದ ಮೇಲೆ ಮದ್ದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನೀರಿಗೆ ವಿಟಮಿನ್ ಪುಡಿ ಕಲೆಸಿದೆ. ಕೈಕವಚ ಹಾಕಿಕೊಂಡು ಸತ್ತವನ್ನು ಎತ್ತಿ ಚೀಲಕ್ಕೆ ತುಂಬಿದೆ. ಬೂದಿಯ ಕಾಲಿನಲ್ಲಿ ನಾನು ಹಚ್ಚಿದ ಅರಿಶಿನ ಇನ್ನೂ ಇತ್ತು. ಪುಟ್ಟತಾಯಮ್ಮ, ಅವರ ಸೊಸೆ, ಇನ್ನಿಬ್ಬರು ಬೇಲಿಗೆ ಒರಗಿ ನಿಂತು ನೋಡುತ್ತಿದ್ದರು.

‘ಮಾರಮ್ಮಂಗೆ ಒಂದ್ ಕೋಳಿ ಕುಯ್ಯೋದ್ ಬುಟ್ಟು ಎಲ್ಲಾನೂ ಮಗ್ಳಿಗೇ ಅಂತ ಇಟ್ಕಂಡ್ರೆ ಇನ್ನೇನಾಯ್ತದೆ’ ಎಂದಳು ಒಬ್ಬಳು.

‘ಸುಮ್ನಿರೇ, ಮಾರಮ್ಮನೂ ಇಲ್ಲ ಮಸ್ಣಮ್ಮನೂ ಇಲ್ಲ’ ಎಂದರು ಪುಟ್ಟತಾಯಮ್ಮ. ‘ಆ ನಟರಾಜ ಅವ್ನಲ್ಲ, ಬ್ರಾಯ್ಲರ್ ಅಂಗಡಿಯೋನು, ಪುಕ್ಕ ಕರ್ಳು ಎಲ್ಲಾ ಚರಂಡೀಗೇ ಸುರೀತಾನೆ. ಕಾಗೆ ಎತ್ಕಬಂದು ಇಲ್ಲಿ ಆಕ್ತವೆ. ಅದ್ರಿಂದ್ಲೇ ಬಂದೈತೆ. ಅಲ್ವಾ ಮೇಡಂ? ಅಂಗೂ ಬತ್ತದಲ್ವಾ?’

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆಯೂ.

ಅಂಗಡಿಯ ಕಸದಿಂದ ರೋಗ ಹರಡುವುದುಂಟು. ನಾನೇ ಸಭೆಯಲ್ಲಿ ಹೇಳಿದ್ದೆ. ಪದವನ್ನು ತೂಗಿ ನೋಡಿ ಇಟ್ಟೆ.

‘ಬರಬಹುದು’ ಎಂದೆ.

ಆ ಒಂದು ಮಾತಿಗೆ ಬೈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೆ ನಡೆದರು. ನಾನು ಹೋಗಲಿಲ್ಲ. ನಮ್ಮ ಹಿತ್ತಲಿಗೇ ಕೇಳಿಸುತ್ತಿತ್ತು. ‘ನಿನ್ ಮನೆ ಮುಚ್ಚೋಗ! ನನ್ ಬಾಣಂತಿ ಬಾಯ್ಗೆ ಮಣ್ಣಾಕ್ದಲ್ಲೋ!’ ನಟರಾಜ ಮೊದಲು ‘ನಾನೇನ್ ಮಾಡ್ದೆ ಅತ್ಗವ್ವ’ ಎನ್ನುತ್ತಿದ್ದವನು ಕೊನೆಗೆ ತಾನೂ ಕೂಗಿದ. ಅಂದು ಅವನ ಅಂಗಡಿಗೆ ಯಾರೂ ಹೋಗಲಿಲ್ಲ. ಮರುದಿನ ಬೆರಳೆಣಿಕೆಯ ಜನ.

ಮೂರನೆಯ ದಿನ ಅವನು ನಮ್ಮ ಜಗಲಿಗೆ ಬಂದ. ಚಪ್ಪಲಿ ಬಿಟ್ಟು ಮೆಟ್ಟಿಲಿನ ಕೆಳಗೇ ನಿಂತ.

‘ಮೇಡಂ, ನನ್ ಅಂಗ್ಡಿಯಿಂದ್ಲೇ ಬಂತು ಅಂತ ನೀವೇಳಿದ್ರಂತೆ.’

‘ನಾನು ಹಾಗೆ ಹೇಳಲಿಲ್ಲ. ಬರಬಹುದು ಅಂದೆ. ಬಂತು ಅನ್ನಲಿಲ್ಲ.’

ಅವನು ನನ್ನ ಮುಖವನ್ನು ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ, ಅರ್ಥ ಮಾಡಿಕೊಳ್ಳಲು ಕಷ್ಟಪಡುವವನ ನೋಟ. ‘ಮೇಡಂ, ನೀವು ಓದ್ದೋರು. ಊರೋರ್ಗೆ ಅವೆರಡೂ ಒಂದೇಯ’ ಎಂದ. ‘ಚರಂಡೀಗೆ ಆಕೋದು ನನ್ ತಪ್ಪೇ. ಇನ್ಮೇಲೆ ಆಕಾಕಿಲ್ಲ. ಆದ್ರೆ ಅದ್ರಿಂದ್ಲೇ ಬಂತಾ ಅಂತ ನೀವೊಂದು ಮಾತು ಸರ್ಯಾಗಿ ಏಳ್ಬುಡಿ, ಸಾಕು.’

‘ನೋಡೋಣ’ ಎಂದೆ. ಅವನು ತಲೆಯಾಡಿಸಿ ಚಪ್ಪಲಿ ಮೆಟ್ಟಿಕೊಂಡು ಹೋದ.

ಅಷ್ಟರಲ್ಲಿ ಅತ್ತೆಯ ಗೂಡು ಬರಿದಾಗಿತ್ತು. ಕೊನೆಯದು ಉಳಿಯುತ್ತದೆಂದು ಎರಡು ದಿನ ಮಡಿಲಲ್ಲಿ ಹಾಕಿಕೊಂಡು ಕೂತಿದ್ದರಂತೆ, ಅದೂ ಹೋಯಿತು.

ಮಾನಸಾ ಮಗುವಿನೊಂದಿಗೆ ಬಂದಳು. ಹೊಳೆನರಸೀಪುರದ ಶಾಲೆಯಲ್ಲಿ ಎರಡು ವರ್ಷ ಅವಳಿಗೆ ವಿಜ್ಞಾನ ಕಲಿಸಿದವಳು ನಾನು. ಸಂಬಂಧದಲ್ಲಿ ಅತ್ತಿಗೆ ಎನ್ನಬೇಕಾದವಳು ಈಗಲೂ ಮಿಸ್ ಎನ್ನುತ್ತಾಳೆ. ನೋಡಲು ಹೋಗಲು ನನಗೆ ಮೂರು ದಿನ ಹಿಡಿಯಿತು. ಹೆರಿಗೆಯಾದ ಹನ್ನೊಂದನೆಯ ದಿನ ನನ್ನ ಗೂಡಿನಿಂದ ಎರಡು ಒಳ್ಳೆಯ ಹ್ಯಾಟೆ ಕೋಳಿಗಳನ್ನು ಹಿಡಿದು, ಕಾಲು ಕಟ್ಟಿ ತೆಗೆದುಕೊಂಡು ಹೋದೆ. ಹೇಳಿಬಿಡಬೇಕೆಂದೇ ಹೊರಟಿದ್ದೆ. ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ: ‘ಅತ್ತೆ, ನಟರಾಜನ ತಪ್ಪಲ್ಲ. ನನ್ನ ಗೂಡಿನಲ್ಲಿ ಮೊದಲೇ ಇತ್ತು. ಗೊತ್ತಿದ್ದೂ ಬೂದಿಯನ್ನು ಕೊಟ್ಟೆ.’ ಮೂರು ವಾಕ್ಯ. ‘ಬಹುದು’ ಒಂದೂ ಇರಲಿಲ್ಲ.

ಒಳಕೋಣೆಯಲ್ಲಿ ಮಾನಸಾ ತಲೆಗೆ ಬಟ್ಟೆ ಕಟ್ಟಿಕೊಂಡು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಬೆಳ್ಳುಳ್ಳಿಯ, ಹೊಗೆಯ, ಎಣ್ಣೆಯ ವಾಸನೆ. ಅತ್ತೆ ಬಾಗಿಲಲ್ಲಿ ಕೂತು ಮೆಣಸು ಕುಟ್ಟುತ್ತಿದ್ದರು. ಕೋಳಿಗಳನ್ನು ನೋಡಿ ಮಾನಸಾಳ ಕಣ್ಣು ತುಂಬಿತು.

‘ಮಿಸ್, ನಿಮ್ಮ ಕೋಳಿ ಯಾಕೆ ತಂದ್ರಿ? ನೀವು ಮಾರೋಕೆ ಇಟ್ಕೊಂಡಿದ್ದಲ್ವಾ?’

‘ಇರಲಿ’ ಎಂದೆ.

ಅವಳು ತಾಯಿಯ ಕಡೆ ತಿರುಗಿದಳು. ‘ನೋಡವ್ವ. ಮಿಸ್ಸಿಂದು ಒಂದು ಕೋಳೀಗೂ ಏನೂ ಆಗಿಲ್ಲ. ಯಾಕೆ? ಹೇಳಿದ್ದು ಮಾಡ್ತಾರೆ. ನಿಂಗೆ ಎಷ್ಟು ಸಲ ಹೇಳ್ದೆ, ಮಿಸ್ ಮೀಟಿಂಗಲ್ಲಿ ಹೇಳೋದು ಕೇಳ್ಕೊ, ಹಂಗೇ ಮಾಡು ಅಂತ. ನಿಂಗೆ ನಿನ್ನ ಈರುಳ್ಳಿ ಅರಿಶಿನನೇ ಸರಿ. ಪಾಪ ಆ ನಟರಾಜಣ್ಣನ ಮೇಲೆ ಬೇರೆ ಕೂಗಾಡಿದ್ಯಂತೆ. ಶುಚಿಯಾಗಿ ಇಟ್ಕೊಳ್ಳದೆ ಇರೋದು ನೀನು, ಬೈಯೋದು ಅವರಿವರನ್ನ.’

ನಾನು ಅತ್ತೆಯ ಮುಖ ನೋಡಿದೆ. ಬೈರಮ್ಮ ಬಾಯಿಗೆ ಬಾಯಿ ಕೊಡದೆ ಯಾರನ್ನೂ ಬಿಟ್ಟವರಲ್ಲ. ಈಗ ಕುಟ್ಟಣಿಯನ್ನು ಎತ್ತಿದವರು ಎತ್ತಿದಂತೆಯೇ ಹಿಡಿದು, ಒಂದು ಕ್ಷಣ ನನ್ನನ್ನು ನೋಡಿದರು. ಮತ್ತೆ ಕುಟ್ಟತೊಡಗಿದರು.

‘ಊಂ ಕಣವ್ವ. ಬುದ್ಧಿ ಬರ್ಲಿಲ್ಲ ನಂಗೆ’ ಎಂದರು.

ಅವರಿಗೆ ಎಲ್ಲ ಗೊತ್ತಿದೆ ಎಂದು ಅದೊಂದು ನೋಟದಲ್ಲಿ ನನಗೆ ತಿಳಿಯಿತು. ‘ಮಾನಸಾ, ಹಾಗಲ್ಲ...’ ಎಂದೆ.

‘ಸುಮ್ನೆ ಕೂತ್ಕ ಯಮುನವ್ವ, ಕಾಫಿ ಕಾಸ್ತೀನಿ’ ಎಂದು ಅತ್ತೆ ನನ್ನ ಮಾತಿನ ಮೇಲೆಯೇ ಎದ್ದರು. ಮಾನಸಾ ಮಗುವನ್ನು ನನ್ನ ಕೈಗೆ ಕೊಟ್ಟಳು. ಅದು ನನ್ನ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ‘ಮಿಸ್, ಇವನಿಗೂ ನೀವೇ ಪಾಠ ಹೇಳಬೇಕು’ ಎಂದು ನಕ್ಕಳು. ಕಾಫಿ ಕುಡಿದೆ. ಬೆಲ್ಲ ಹೆಚ್ಚಾಗಿತ್ತು, ಬಂದವರಿಗೆಲ್ಲ ಅವರು ಹಾಗೇ ಮಾಡುವುದು.

ಹೊರಟಾಗ ಅತ್ತೆ ಬೇಲಿಯ ತನಕ ಬಂದರು. ಖಾಲಿ ಗೂಡಿನ ಪಕ್ಕ ನಿಂತರು. ನಾನು ಬಾಯಿ ತೆರೆಯುವ ಮೊದಲೇ ಅವರೇ ಶುರು ಮಾಡಿದರು. ದನಿ ಎತ್ತಲಿಲ್ಲ.

‘ನಿಮ್ ಸಂತೆ ಉಂಜ ದಿನಾ ನಾಕ್ ಗಂಟೇಗೆ ಕೂಗೋದು. ಅದ್ರ್ ಕೂಗಿಗೇ ನಾ ಏಳ್ತಿದ್ದೆ. ಮಗ ಉಟ್ಟಿದ್ ದಿನ ಕೂಗ್ಲಿಲ್ಲ. ಪೋನಿಗೆ ಎದ್ದೆ. ಸಂತೋಸದಾಗೆ ಯೋಚ್ನೆ ಮಾಡ್ಲಿಲ್ಲ. ಆಮೇಕೆ ನೀ ತೆಂಗಿನ್ ಬುಡದಾಗೆ ಗುಂಡಿ ತೋಡಿದ್ದು ನೋಡ್ದೆ. ನಟರಾಜನ್ ತಾವ ಕೂಗಾಡ್ ಬಂದು, ರಾತ್ರಿ ಮಲಿಕ್ಕಂಡಾಗ ಎಲ್ಲಾ ಒಂದಕ್ಕೊಂದು ಸೇರ್ಕಂತು.’

‘ಅತ್ತೆ, ನನಗೆ ಗೊತ್ತಿತ್ತು. ಹಿಂದಿನ ರಾತ್ರಿಯೇ ಗೊತ್ತಿತ್ತು.’

‘ಗೊತ್ತಿರ್ತದೆ. ಓದ್ದೋಳಲ್ವಾ.’ ಅವರು ಅದನ್ನು ಚುಚ್ಚಲು ಹೇಳಿದ್ದೋ ಬರಿದೇ ಹೇಳಿದ್ದೋ ಇವತ್ತಿಗೂ ನನಗೆ ತಿಳಿಯದು. ‘ನಂಗೂ ಗೊತ್ತಾಯ್ತು. ನೀ ಕೊಟ್ ಕಳ್ಸಿದ್ ದಿನ ರಾತ್ರಿ ಬೂದಿ ಗಂಟ್ಲು ಗೊರಗುಡ್ತಿತ್ತು. ಎತ್ತಿ ಒರಗ್ ಆಕವಾ ಅಂತ ಎದ್ದೆ. ಮೂರ್ ವಾರ ಬುಟ್ಟಿದ್ದು ಬಂದೋಳು, ಮಕ್ಕಳ್ ಬ್ಯಾರೆ ಕಟ್ಕಂಡವ್ಳೆ. ಅಂತೋಳ್ನ ಚಳೀಲಿ ಒರಗ್ ಮಲಗ್ಸಾಕಾಯ್ತದಾ? ಬುಟ್ಬುಟ್ಟೆ. ನೀನೊಂದ್ ಮಾತು ಏಳಿದ್ರೆ ಆಕ್ತಿದ್ದೆ ಏನೋ.’

ನಾನು ಅಳಲಿಲ್ಲ. ಅತ್ತರೆ ಅವರೇ ಸಮಾಧಾನ ಮಾಡಬೇಕಾಗುತ್ತದೆ ಎಂದು ತಡೆದುಕೊಂಡೆ. ‘ಈಗಲೇ ಮಾನಸಾಗೆ ಹೇಳ್ತೀನಿ. ನಟರಾಜಂಗೂ. ಸಂಘದಲ್ಲೂ ಹೇಳ್ತೀನಿ’ ಎಂದೆ.

‘ನಟರಾಜಂಗೆ ನಾನೇ ಓಗಿ ಏಳ್ ಬಂದೆ ನಿನ್ನೆ. ಸಂತೇಲಿ ಒಂದ್ ಕೋಳಿ ತಂದು ಬುಟ್ಟಿದ್ದೆ ಕಣಪ್ಪ, ಅದ್ರಿಂದ ಬಂತು, ತೆಪ್ಪು ನಂದೇ ಅಂದೆ. ಪುಟ್ಟತಾಯಿ ಮುಂದ್ಗೇ ಅಂದೆ, ಊರ್ಗೆಲ್ಲ ಗೊತ್ತಾಗ್ಲಿ ಅಂತ.’

‘ನೀವು ಯಾಕತ್ತೆ ಹಾಗೆ...’

‘ಮತ್ತಿನ್ಯಾರು ಏಳ್ತಾರೆ? ಅವ್ನೂ ಎಂಡ್ರು ಮಕ್ಕಳಿರೋನು.’ ಒಳಗಿನಿಂದ ಮಗು ಅತ್ತಿತು. ಅತ್ತೆ ಕಿವಿಗೊಟ್ಟು, ಅಳು ನಿಂತ ಮೇಲೆ ಮುಂದುವರಿಸಿದರು. ‘ನೋಡು, ನನ್ ಮಗ್ಳಿಗೆ ನೀ ಅಂದ್ರೆ ದೇವ್ರು. ಹಸೀ ಬಾಣಂತಿ. ಅವ್ಳ್ ಮನ್ಸು ಕೆಡ್ಸಾಕೆ ನಾ ತಯಾರಿಲ್ಲ. ಅದೊಂದು. ಇನ್ನೊಂದು, ಮುಂದಿನ್ ತಿಂಗ್ಳು ಹನಿ ಆಕಾಕೆ ಬತ್ತೀಯಲ್ಲ, ಈ ಇಚಾರ ಗೊತ್ತಾದ್ರೆ ಒಬ್ಳೂ ಕೋಳಿ ಇಡ್ಕೊಡಾಕಿಲ್ಲ. ಅವ್ರವೂ ನನ್ನವಂಗೇ ಓಯ್ತವೆ. ನೀನು ಆಕ್ಬೇಕು. ಮೊದ್ಲು ನನ್ ಮನೇಗೇ ಬರ್ಬೇಕು, ಅಷ್ಟೊತ್ಗೆ ನಾಕಾದ್ರೂ ಮರಿ ತಂದಿರ್ತೀನಿ.’

‘ಬೀಗರು ಬಂದಾಗ?’ ಎಂದೆ. ಯಾಕೆ ಕೇಳಿದೆನೋ.

‘ಎರಡು ಅಂತೀನಿ. ನೀ ತಂದಿದ್ದು ಎರಡು. ಸುಳ್ಳೇಳಾಕಾಯ್ತದಾ?’

ಅವರು ಬೇಲಿಯ ಮುಳ್ಳಿಗೆ ಸಿಕ್ಕಿದ್ದ ನನ್ನ ಸೆರಗನ್ನು ಬಿಡಿಸಿ ಕೈಗೆ ಕೊಟ್ಟರು. ಪುಟ್ಟತಾಯಮ್ಮ ಜಗಲಿಯಿಂದ ‘ಏನ್ ಅತ್ತೆ ಸೊಸೆ ಗುಸುಗುಸು?’ ಎಂದು ಕೂಗಿದರು.

‘ಏನಿಲ್ಲ ಕಣೆ, ಸಾರಿಗೆ ಎಷ್ಟ್ ಮೆಣಸು ಅಂತ ಕೇಳ್ತಾವ್ಳೆ, ಬಿ.ಎಸ್ಸಿ.!’ ಎಂದು ಅತ್ತೆ ತಿರುಗಿ ಕೂಗಿದರು. ಆಚೆ ನಗು ಕೇಳಿಸಿತು. ಆಮೇಲೆ, ತುಟಿ ಅಲ್ಲಾಡಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ನನಗೆ ಹೇಳಿದರು: ‘ನಾ ಸಾಯೋಗಂಟ ಯಾರ್ ತಾವೂ ಏಳಾಕಿಲ್ಲ. ನೀನೂ ಏಳ್ಬ್ಯಾಡ.’